‘ಓಹಲಾ’: ಒಂದು ಹಾರೈಕೆಯ ಮಾತು

ಸ್ಪೇನ್ ದೇಶದಲ್ಲಿಯೂ, ಸ್ಪ್ಯಾನಿಷ್ ಭಾಷೆಯನ್ನಾಡುವ ಮೆಕ್ಸಿಕೋ, ಆರ್ಜೆಂಟೈನಾ ಮೊದಲಾದ ದೇಶಗಳಲ್ಲಿಯೂ ದಿನವೂ ಕಿವಿಗೆ ಬೀಳುವ ‘ಓಹಲಾ’ ಎಂಬುದೊಂದು ಪುಟ್ಟ ಪದವುಂಟು. ನಡುವಣ ಹಕಾರವನ್ನು ಗಂಟಲಿನಿಂದ ಒತ್ತಿ, ಕಡೆಯ ಅಕ್ಷರವನ್ನು ಊರಿ ನುಡಿಯಬೇಕು. ‘ಹಾಗೆ ಆಗಲಿ’ ಎಂಬ ಹಾರೈಕೆಯೇ ಇದರ ಅರ್ಥ.

ನಾವು ‘ಮಳೆ ಬರಲಿ’ ಎನ್ನುವಾಗ ಕ್ರಿಯಾಪದದ ಕೊನೆಯ ‘ಲಿ’ ಎಂಬ ಪ್ರತ್ಯಯವೇ ನಮ್ಮ ಬಯಕೆಯನ್ನು ಹೇಳುತ್ತದೆ. ಅವರಾದರೋ ವಾಕ್ಯದ ಮೊದಲಲ್ಲಿ ‘ಓಹಲಾ’ ಎಂದಿಟ್ಟು, ಕ್ರಿಯಾಪದದ ರೂಪವನ್ನೂ ಅದಕ್ಕೆ ತಕ್ಕಂತೆ ಮಾರ್ಪಡಿಸುತ್ತಾರೆ. ಕ್ರಿಯಾಪದವು ಒಂದು ರೂಪದಲ್ಲಿದ್ದರೆ ‘ಮಳೆ ಬರಲಿ’ ಎಂಬ ಆಶೆ; ಇನ್ನೊಂದು ರೂಪದಲ್ಲಿದ್ದರೆ ‘ಬಂದರೆ ಎಷ್ಟು ಚೆನ್ನು, ಆದರೆ ಬರುವ ನೆಚ್ಚಿಕೆಯಿಲ್ಲ’ ಎಂಬ ಸಂದೇಹ; ಮತ್ತೊಂದು ರೂಪದಲ್ಲಿದ್ದರೆ ‘ಅಂದೇ ಬಂದಿದ್ದರೆ!’ ಎಂಬ ಕೊರಗು. ಹೀಗೆ ಆಶೆ, ಸಂದೇಹ, ಕೊರಗು ಮೂರಕ್ಕೂ ಈ ಒಂದೇ ಪದ ಸಲ್ಲುತ್ತದೆ.

ಈ ಪದದ ಮೂಲವು ಅರಬ್ಬೀ ಭಾಷೆಯಲ್ಲಿದೆ. ‘ಇನ್ ಶಾ ಅಲ್ಲಾಹ್’ ಎಂಬ ಪ್ರಸಿದ್ಧವಾದ ಮಾತೇ ಹೀಗೆ ಮಾರ್ಪಟ್ಟಿತೆಂದು ಅನೇಕರು ಭಾವಿಸುವುದುಂಟು. ಆದರೆ ಸ್ಪೇನಿನ ರಾಯಲ್ ಭಾಷಾ ಅಕಾಡೆಮಿಯ ನಿಘಂಟು ಇದನ್ನು ‘ಲೌ ಶಾ ಅಲ್ಲಾಹ್’ ಎಂಬುದರಿಂದ ಹುಟ್ಟಿಸುತ್ತದೆ. ಎರಡಕ್ಕೂ ಅರ್ಥದಲ್ಲಿ ಸೂಕ್ಷ್ಮವಾದ ಭೇದವಿದೆ. ಅರಬ್ಬಿಯಲ್ಲಿ ‘ಇನ್’ ಎಂಬುದು ನಡೆಯಬಹುದಾದ ಸಂಗತಿಗೆ ಹೇಳುವ ‘ಆದರೆ’. ‘ಲೌ’ ಎಂಬುದು ನಡೆಯುವುದು ಸಂದೇಹವಾದ, ಅಥವಾ ನಡೆಯದೆಯೇ ಹೋದ ಸಂಗತಿಗೆ ಹೇಳುವ ‘ಆಗಿದ್ದರೆ’. ‘ಓಹಲಾ’ದಲ್ಲಿ ಹಾರೈಕೆಯ ಜೊತೆಗೆ ಒಂದು ನಿಟ್ಟುಸಿರೂ ಕೇಳಿಸುವುದಕ್ಕೆ ಈ ಮೂಲವು ಚೆನ್ನಾಗಿ ಒಪ್ಪುತ್ತದೆ.

‘ಶಾ’ ಎಂಬುದು ‘ಹಲಾ’ದ ಹಕಾರವಾದುದು ಹೇಗೆ? ಹಿಂದೆ ಸ್ಪ್ಯಾನಿಷರೂ ಇದನ್ನು ‘ಓಶಲಾ’ ಎಂದೇ ನುಡಿಯುತ್ತಿದ್ದರು. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಆ ಭಾಷೆಯ ಶಕಾರವು ಮೆಲ್ಲನೆ ಹಿಂದೆ ಸರಿದು ಗಂಟಲಿನ ಧ್ವನಿಯಾಯಿತು. ೧೮೧೫ರಲ್ಲಿ ಅಕಾಡೆಮಿಯು ಬರಹವನ್ನೂ ಅದಕ್ಕೆ ತಕ್ಕಂತೆ ತಿದ್ದಿತು. ನೆರೆಯ ಪೋರ್ಚುಗೀಸ್ ಭಾಷೆಯಲ್ಲಿ ಹಳೆಯ ಶಕಾರವು ಇಂದಿಗೂ ಉಳಿದಿದೆ.

ಇನ್ನು ಈ ಪದವು ಉಳಿದುಬಂದ ಬಗೆಯನ್ನು ನೋಡೋಣ. ಕ್ರಿ. ಶ. ೭೧೧ರಲ್ಲಿ ಮುಸಲ್ಮಾನರ ಸೇನೆಯು ಸ್ಪೇನನ್ನು ಹೊಕ್ಕಿತು. ೧೪೯೨ರ ಜನವರಿಯಲ್ಲಿ ಅವರ ಕಡೆಯ ರಾಜ್ಯವಾದ ಗ್ರನಾಡಾ ಶರಣಾಯಿತು. ಅಲ್ಲಿನ ಪ್ರಜೆಗಳ ಧರ್ಮಕ್ಕೂ ಆಚಾರಕ್ಕೂ ಧಕ್ಕೆ ತಾರೆವೆಂದು ಗೆದ್ದವರು ಮಾತು ಕೊಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಬಲವಂತದ ಮತಾಂತರ ನಡೆಯಿತು. ೧೫೬೭ರಲ್ಲಿ ಎರಡನೆಯ ಫಿಲಿಪ್ ದೊರೆಯ ಆಜ್ಞೆಯು, ಮೂರು ವರ್ಷಗಳೊಳಗೆ ಕ್ಯಾಸ್ಟಿಲಿಯನ್ ಭಾಷೆಯನ್ನು ಕಲಿಯಬೇಕೆಂದೂ, ಆಮೇಲೆ ಮನೆಯೊಳಗೂ ಅರಬ್ಬಿಯನ್ನು ಆಡಕೂಡದೆಂದೂ ವಿಧಿಸಿತು. ೧೫೬೮ರಲ್ಲಿ ಜನರು ದಂಗೆಯೆದ್ದರು, ದಂಗೆ ಅಡಗಿತು. ೧೬೦೯ರಿಂದ ೧೬೧೪ರೊಳಗೆ ಸುಮಾರು ಮೂರು ಲಕ್ಷ ಜನರನ್ನು ದೇಶದಿಂದಲೇ ಹೊರದೂಡಿದರು.

ಅರಬ್ಬಿಯನ್ನಾಡುವವರು ಹೋದರು, ಅವರ ಮಾತುಗಳು ಹೋಗಲಿಲ್ಲ. ದಿಂಬಿಗೆ ‘ಅಲ್ಮೊಆದಾ’, ಎಣ್ಣೆಗೆ ‘ಅಸೇಯ್ತೆ’, ಊರಿನ ಮೇಯರಿಗೆ ‘ಅಲ್ಕಾಲ್ದೆ’ ಎನ್ನುವುದೆಲ್ಲ ಅರಬ್ಬಿಯಿಂದಲೇ. ಈ ಕಡೆಯ ಪದವು ನಮಗೆ ಪರಿಚಿತವಾದ ‘ಖಾಜಿ’ಯೇ. ಅವರ ‘ಅಸೂಕಾರ್’ ಅಂತೂ ಸಂಸ್ಕೃತದ ‘ಶರ್ಕರಾ’ ಎಂಬುದು ಪಾರಸಿ, ಅರಬ್ಬಿಗಳ ಮೂಲಕ ಹಾದು ಪಡೆದ ರೂಪ. ನಮ್ಮ ‘ಸಕ್ಕರೆ’ಗೆ ಅದು ದೂರದ ನಂಟು.

ಆದರೆ ಇವೆಲ್ಲ ವಸ್ತುಗಳ, ಅಧಿಕಾರಗಳ ಹೆಸರುಗಳು. ವಸ್ತುವಿನೊಡನೆ ಅದರ ಹೆಸರೂ ಬರುವುದು ಸಹಜ. ‘ಓಹಲಾ’ ಹಾಗಲ್ಲ, ಅದು ಮನಸ್ಸಿನ ಮಾತು. ನೆರೆಹೊರೆಯಲ್ಲಿ ಬಹುಕಾಲ ಬಾಳಿ, ಒಬ್ಬರ ನಿಟ್ಟುಸಿರನ್ನು ಇನ್ನೊಬ್ಬರು ಕೇಳಿದಲ್ಲದೆ ಇಂತಹ ಪದವು ಕೈಬದಲಾಯಿಸುವುದಿಲ್ಲ. ಅರಬ್ಬಿಯನ್ನು ನಿಷೇಧಿಸಿದ ಆಜ್ಞೆ ಹೊರಟ ವೇಳೆಗೆ ಇದು ಕ್ಯಾಸ್ಟಿಲಿಯನ್ ಮಾತೇ ಆಗಿಹೋಗಿತ್ತು. ಇಂದು ಇದನ್ನು ನುಡಿಯುವ ಸ್ಪ್ಯಾನಿಷರಿಗೆ ಇದರಲ್ಲಿ ‘ಅಲ್ಲಾಹ್’ ಎಂಬ ಹೆಸರು ಕೇಳಿಸುವುದಿಲ್ಲ. ಇಗರ್ಜಿಗೆ ಹೋಗುವವರೂ, ದೇವರನ್ನೇ ನಂಬದವರೂ ಮಗುವಿನ ಜ್ವರ ಇಳಿಯಲೆಂದು ಬಯಸುವಾಗ ಈ ಪದವನ್ನೇ ಆಡುತ್ತಾರೆ.