ಅಂಟುವಾಳದ ಬಳಗ

ನಾಗಪುರದ ಇತ್ವಾರಿ ಪೇಟೆಯ ಅಂಗಡಿಯೊಂದರಲ್ಲಿ ಅವ್ವ, "ಅಂಟವಾಳ ಅದಾವೇನ್ರಿ?" ಎಂದು ಕೇಳಿದಾಗ ಅಂಗಡಿಯಾತ ನನ್ನ ಮುಖ ನೋಡಿದ. ಧಾರವಾಡದಿಂದ ಬಂದಿದ್ದ ಅವ್ವನಿಗೆ ರೇಷ್ಮೆ ಸೀರೆ ತೊಳೆಯಬೇಕಿತ್ತು. ಮರಾಠಿಯಲ್ಲಿ ಅದಕ್ಕೇನು ಅನ್ನುತ್ತಾರೋ ನನಗೂ ಗೊತ್ತಿಲ್ಲ. ಕೊನೆಗೆ ಅವ್ವನೇ ಅಂಗೈ ಉಜ್ಜಿ, ನೊರೆ ಊದಿದಂತೆ ಮಾಡಿ ತೋರಿಸಿದಳು. "ಅಚ್ಛಾ, ರಿಠಾ!" ಎಂದು ಆತ ನಗುತ್ತ ಡಬ್ಬಿ ತೆಗೆದ.

ಅಂಟುವಾಳಕ್ಕೆ ಸಂಸ್ಕೃತದಲ್ಲಿ ಅರಿಷ್ಟಕ, ಫೇನಿಲ ಎಂಬ ಹೆಸರುಗಳಿವೆ. ಫೇನ ಎಂದರೆ ನೊರೆ. ಲಿನೇಯಸ್ 1753ರಲ್ಲಿ ಬಳಸಿದ 'ಸ್ಯಾಪಿಂಡಸ್' ಎಂಬ ಹೆಸರಿನ ಅರ್ಥವೂ 'ಭಾರತದ ಸಾಬೂನು' ಎಂದೇ. ಇದರಿಂದಲೇ ಇಡೀ ಕುಟುಂಬಕ್ಕೆ 'ಸ್ಯಾಪಿಂಡೇಸಿ' ಎಂಬ ಹೆಸರು ಬಂತು. ಆ ಬಳಗ ದೊಡ್ಡದು. ಬೇಸಿಗೆಯಲ್ಲಿ ನಾವು ಕೊಳ್ಳುವ ಲಿಚಿ ಅದರದ್ದೇ. ಎಳೆ ಚಿಗುರಿನಲ್ಲಿ ಕೆಂಪಗೆ ಹೊಳೆಯುವ, ಅರಗಿನ ಹುಳು ಸಾಕುವ ಕುಸುಮ್ ಮರ, ಅಂದರೆ ನಮ್ಮ ಸಾಗಡೆ, ಅದೂ ಇದೇ ಬಳಗ. ಇಂದಿನ ವರ್ಗೀಕರಣದಲ್ಲಿ ಅಮೆರಿಕದ ಮೇಪಲ್ ಕೂಡ ಇಲ್ಲಿಯೇ ಸೇರುತ್ತದೆ. ಸೀಗೆಕಾಯಿ ಮಾತ್ರ ನೊರೆ ಕೊಟ್ಟರೂ ಈ ಮನೆತನದ್ದಲ್ಲ, ಅದು ಅವರೆ, ತೊಗರಿಗಳ ಕುಟುಂಬದ್ದು.

ನೊರೆಯ ಗುಟ್ಟು ಕಾಯಿಯ ತಿರುಳಿನಲ್ಲಿರುವ ಸಪೋನಿನ್. ಅವ್ವ ಬೀಜ ತೆಗೆದು, ಸಿಪ್ಪೆಗಳನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿದಳು. ಮೊದಲು ಸೆರಗಿನ ಒಳಮೂಲೆಯಲ್ಲಿ ಬಣ್ಣ ಬಿಡುವುದೋ ಎಂದು ನೋಡಿ, ಆಮೇಲೆ ಸೀರೆಯನ್ನು ಅದ್ದಿದಳು. ನೀರು ಕಣ್ಣಿಗೆ ತಾಗಿದರೆ ಉರಿಯುತ್ತದೆ, ಮಕ್ಕಳನ್ನು ದೂರವಿಡಿ. ಕೆರೆ, ಹೊಂಡಕ್ಕೂ ಚೆಲ್ಲಬೇಡಿ. ಸಪೋನಿನ್ ಮೀನಿಗೆ ವಿಷ. ಹಿಂದೆ ಮೀನು ಹಿಡಿಯಲೂ ಅಂಟುವಾಳ ಬಳಸುತ್ತಿದ್ದರು.

ಮೂರನೆಯ ದಿನ ಅವ್ವ ಊರಿಗೆ ಹೊರಟಳು. ಉಳಿದ ಕಾಯಿಗಳ ಡಬ್ಬಿಯ ಮೇಲೆ ಮಗಳು 'ರೀಠಾ' ಎಂದು ಬರೆದಿದ್ದಳು. ಹೊರನಾಡಿನಲ್ಲಿ ವಸ್ತು ಹೇಗೋ ಸಿಗುತ್ತದೆ, ಹೆಸರು ಮಾತ್ರ ನಮ್ಮ ಕೈಯಿಂದಲೇ ಜಾರುತ್ತದೆ. ಅವಳು ಬರೆದದ್ದನ್ನು ನಾನು ಅಳಿಸಲಿಲ್ಲ. ಕೆಳಗೆ ಕನ್ನಡದಲ್ಲಿ 'ಅಂಟುವಾಳ' ಎಂದೂ ಬರೆಸಿದೆ. ಕೂಡಿಸಿ ಓದಲು ಅವಳಿಗೆ ತುಸು ಹೊತ್ತು ಹಿಡಿಯಿತು. ಓದಿದ ಮೇಲೆ ಅಜ್ಜಿಗೆ ಫೋನ್ ಮಾಡಿ, "ಅಜ್ಜಿ, ಅಂಟವಾಳ ಇನ್ನೂ ಅದಾವ" ಅಂದಳು.