ಟೆಸ್ಟಿಂಗ್ ಅಂದರೆ ಏನು?

ಬೈಕಿನ ಸ್ಪೀಡೋಮೀಟರ್ ಮುಳ್ಳು ನೂರು ದಾಟಿದ ವಿಡಿಯೋ ಮಾಡಿ, ‘ಟೆಸ್ಟಿಂಗ್’ ಎಂದು ಸ್ಟೇಟಸ್ ಹಾಕುವವರು ನಮ್ಮ ಶಿರಗುಪ್ಪಿ ಕಡೆ ಬಹಳ ಇದ್ದಾರೆ. ಗಾಡಿಯನ್ನು ನಿಜವಾಗಿ ಟೆಸ್ಟ್ ಮಾಡುವುದು ಹೇಗೆ ಎಂದು ತಿಳಿಯಲು ಜಪಾನಿನ ಸುಜುಕಾ ಸರ್ಕ್ಯೂಟ್ ನೋಡಬೇಕು. (ಸುಜುಕಾ ಊರಿನ ಹೆಸರು. ಸುಜುಕಿ ಕಂಪನಿಗೂ ಅದಕ್ಕೂ ಸಂಬಂಧವಿಲ್ಲ.)

ಈ ಟ್ರ್ಯಾಕ್ ಕಟ್ಟಿಸಿದ್ದು ಹೋಂಡಾ, 1962ರಲ್ಲಿ. ಕೋಲಾರದ ನರಸಾಪುರದಲ್ಲಿ ಆಕ್ಟಿವಾ ತಯಾರಿಸುವುದೂ ಅದೇ ಕಂಪನಿ. ಆಗ ಹೋಂಡಾ ಮಾರುತ್ತಿದ್ದದ್ದು ಮುಖ್ಯವಾಗಿ ಬೈಕು. ಅದರ ಮೊದಲ ನಾಲ್ಕು ಚಕ್ರದ ವಾಹನ, ಟಿ360 ಎಂಬ ಪುಟ್ಟ ಟ್ರಕ್, ಬಂದದ್ದು 1963ರಲ್ಲಿ. ಕಾರು ಮಾರುವ ಮೊದಲೇ ಟ್ರ್ಯಾಕಿಗೆ ಬಂಡವಾಳ! ಕಾಮರ್ಸ್ ಓದುವ ನನಗೆ ಇದು ಬಹಳ ಹಿಡಿಸಿತು.

ಸರ್ಕ್ಯೂಟಿನ ಉದ್ದ 5.807 ಕಿ.ಮೀ. ಆಕಾರ ಇಂಗ್ಲಿಷಿನ 8ರಂತೆ; ಒಂದು ಕಡೆ ಟ್ರ್ಯಾಕ್ ತನ್ನ ಮೇಲೆ ತಾನೇ ಸೇತುವೆಯಾಗಿ ದಾಟುತ್ತದೆ. ಬರೀ ದುಂಡಗಿದ್ದರೆ ಒಂದೇ ಬದಿಯ ಟೈರುಗಳು ಹೆಚ್ಚು ಸವೆಯುತ್ತವೆ. ಇಲ್ಲಿ ಎಡ ತಿರುವೂ ಬಲ ತಿರುವೂ ಎರಡೂ ಸಾಕಷ್ಟು ಸಿಗುತ್ತವೆ.

ಬೇಡಿಕೆಯ ನಿಯಮ ಕಲಿಯುವಾಗ ‘ಇತರ ಅಂಶಗಳು ಸ್ಥಿರವಾಗಿದ್ದರೆ’ ಎಂದು ಬಾಯಿಪಾಠ ಮಾಡುತ್ತೇವಲ್ಲ, ಟೆಸ್ಟಿಂಗ್ ಎಂದರೆ ಅದೇ. ಅದೇ ಡ್ರೈವರ್, ಅಷ್ಟೇ ಪೆಟ್ರೋಲ್, ಟೈರಿನಲ್ಲಿ ಅಷ್ಟೇ ಗಾಳಿ. ಬದಲಿಸುವುದು ಒಂದನ್ನೇ, ಉದಾಹರಣೆಗೆ ಬ್ರೇಕ್ ಪ್ಯಾಡ್. ಕೆಲವು ಸುತ್ತು ಓಡಿಸಿ ಪ್ರತಿ ಸುತ್ತಿನ ಸಮಯ ಬರೆದಿಡುತ್ತಾರೆ. ಬಿಸಿಲಿಗೆ ಟ್ರ್ಯಾಕ್ ಕಾದರೆ ಟೈರಿನ ಹಿಡಿತ ಬದಲಾಗುವುದರಿಂದ ಅದರ ಉಷ್ಣತೆಯನ್ನೂ ಬರೆಯುತ್ತಾರೆ. ಆಮೇಲೆ ಹಳೆಯ ಪ್ಯಾಡನ್ನೇ ಮತ್ತೆ ಹಾಕಿ ನೋಡುತ್ತಾರೆ. ಸಮಯ ಮೊದಲಿನಷ್ಟೇ ಬಂದರೆ ಮಾತ್ರ ವ್ಯತ್ಯಾಸ ಪ್ಯಾಡಿನದು ಎಂದು ನಂಬಬಹುದು. ಒಂದು ಸಲ ಮುಳ್ಳು ಎಲ್ಲಿಗೆ ಹೋಯಿತು ಎಂಬುದರಿಂದ ಇದಾವುದೂ ಗೊತ್ತಾಗುವುದಿಲ್ಲ.

ಟ್ರ್ಯಾಕಿನಲ್ಲಿ ಎದುರಿನಿಂದ ಗಾಡಿ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ. ಜಾರಿದರೆ ತಡೆಯಲು ಜಲ್ಲಿಯ ಹಾಸು, ಟೈರಿನ ಗೋಡೆ ಇರುತ್ತವೆ. ಇಷ್ಟಿದ್ದೂ 2014ರ ಅಕ್ಟೋಬರ್ 5ರಂದು ಸುಜುಕಾದಲ್ಲಿ ಘೋರ ಅಪಘಾತವಾಯಿತು. ಮಳೆಯ ನಡುವೆ ಫಾರ್ಮುಲಾ ಒನ್ ರೇಸ್ ನಡೆದಿತ್ತು. ಹಿಂದಿನ ಸುತ್ತಿನಲ್ಲಿ ಜಾರಿ ನಿಂತ ಒಂದು ಕಾರನ್ನು ಎತ್ತಲು ಟ್ರ್ಯಾಕ್ಟರಿನಂಥ ಕ್ರೇನ್ ಅಂಚಿಗೆ ಬಂದಿತ್ತು. ಫ್ರಾನ್ಸಿನ ಜೂಲ್ಸ್ ಬಿಯಾಂಕಿ ಅದೇ ತಿರುವಿನಲ್ಲಿ ಜಾರಿ ನೇರವಾಗಿ ಆ ಕ್ರೇನಿಗೆ ಗುದ್ದಿದರು. ಒಂಬತ್ತು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿ 2015ರ ಜುಲೈ 17ರಂದು ತೀರಿಕೊಂಡರು. ವಯಸ್ಸು 25. ಆ ವರ್ಷವೇ ಹೊಸ ನಿಯಮ ಬಂತು: ಟ್ರ್ಯಾಕಿನಲ್ಲಿ ಅಂಥ ಅಪಾಯವಿದ್ದರೆ ಒಂದು ಸಂಕೇತಕ್ಕೆ ಎಲ್ಲ ಕಾರುಗಳೂ ಒಟ್ಟಿಗೆ ವೇಗ ಇಳಿಸಬೇಕು.

ಈಗ ನಮ್ಮ ಮಿರಜ ರಸ್ತೆ ನೆನೆಸಿಕೊಳ್ಳಿ. ಕಬ್ಬಿನ ಸೀಜನ್, ರಾತ್ರಿ ಎಂಟು ಗಂಟೆ, ಹಿಂದೆ ಲೈಟಿಲ್ಲದ ಎರಡು ಟ್ರೇಲರ್ ಎಳೆಯುತ್ತಿರುವ ಟ್ರ್ಯಾಕ್ಟರ್. ಇಲ್ಲಿ ಸಂಕೇತ ಕೊಡುವವರು ಯಾರು? 80ರ ವೇಗದಲ್ಲಿ ಬೈಕು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣಿಗೆ ಕಂಡದ್ದು ಕೈಗೆ ತಿಳಿದು ಬ್ರೇಕ್ ಹಿಡಿಯುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಹೋಗುತ್ತದೆ. ನಂತರ ನಿಲ್ಲಲು ಬೇಕಾದ ದೂರ ವೇಗದ ವರ್ಗದಂತೆ ಏರುತ್ತದೆ. ಅಂದರೆ 40ರಲ್ಲಿ ಬೇಕಾದದ್ದರ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಓಡಿಸುವ ಹುಚ್ಚು ನಿಜವಾಗಿಯೂ ಇರುವವರಿಗೆ ಕೊಲ್ಹಾಪುರದ ಮೋಹಿತೆ ಕಾರ್ಟಿಂಗ್ ಟ್ರ್ಯಾಕ್ ದೂರವೇನಲ್ಲ. ರಾಷ್ಟ್ರಮಟ್ಟದ ಕಾರ್ಟಿಂಗ್ ಸ್ಪರ್ಧೆಗಳು ಅಲ್ಲಿ ನಡೆದಿವೆ. ದೊಡ್ಡ ಸರ್ಕ್ಯೂಟ್ ಬೇಕೆಂದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಗೆ ಹೋಗಬೇಕು. ಬೆಂಗಳೂರಿನ ರೇಸರುಗಳೂ ಅಲ್ಲಿಗೇ ಹೋಗುತ್ತಾರೆ.