ಪತ್ರವಿದೆ, ಸೂಚಿಯಲ್ಲಿಲ್ಲ

ಕಂಪ್ಲಿಯ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಕೊಂಡಿದ್ದಾಳೆಂದು ಭಾವಿಸೋಣ. ಹೊಸಪೇಟೆಯ ಕಾಲೇಜಿನಿಂದ ಅವಳಿಗೆ ಇ-ಮೇಲ್ ಮೂಲಕ ಒಂದು ಪತ್ರ ಬಂದದ್ದುಂಟು. ಅವಳು ಅದನ್ನು ಓದಿದ್ದೂ ಉಂಟು. ಎರಡು ತಿಂಗಳ ತರುವಾಯ ಆ ಪತ್ರದಲ್ಲಿದ್ದ ಅರ್ಜಿಯ ಸಂಖ್ಯೆ ಬೇಕಾಗುತ್ತದೆ. ದಾಖಲೆಗಳನ್ನು ಸಲ್ಲಿಸಲು ನಾಳೆಯೇ ಕಡೆಯ ದಿನ. ಕಂಪ್ಯೂಟರಿನ ಮುಂದೆ ಕುಳಿತು, ಹುಡುಕುವ ಚೌಕದಲ್ಲಿ 'ಹೊಸಪೇಟೆ' ಎಂದು ಬರೆದು ಕೀಲಿಯನ್ನೊತ್ತಿದರೆ 'ಯಾವುದೂ ದೊರೆಯಲಿಲ್ಲ' ಎಂಬ ಉತ್ತರ ಬರುತ್ತದೆ. ಪತ್ರವೇ ಅಳಿಸಿಹೋಯಿತೆಂದು ಅವಳು ಹೆದರುವುದು ಸಹಜ. ಆದರೆ ಯಂತ್ರವು ಹೇಳಿದ್ದು ಅದನ್ನಲ್ಲ. 'ನನ್ನ ಸೂಚಿಯಲ್ಲಿ ಈ ಪದದ ಮುಂದೆ ಯಾವ ಪತ್ರದ ಗುರುತೂ ಇಲ್ಲ' ಎಂಬುದಷ್ಟೇ ಅದರ ಮಾತಿನ ಅರ್ಥ. ಈ ಎರಡು ಮಾತುಗಳಿಗಿರುವ ಅಂತರವನ್ನು ಅರಿಯದವರು ಸುಮ್ಮನೆ ಕಳವಳಗೊಳ್ಳುತ್ತಾರೆ. ಕೆಲವರು ಕಳವಳದ ಭರದಲ್ಲಿ ಇದ್ದ ಪತ್ರಗಳನ್ನೂ ನಿಜವಾಗಿಯೇ ಅಳಿಸಿಬಿಡುತ್ತಾರೆ.

ಹಾಗಾದರೆ ಈ ಸೂಚಿ ಎಂದರೇನು? ಹಂಪಿಯ ಶಾಸನಗಳನ್ನು ಅಚ್ಚು ಮಾಡಿರುವ ಒಂದು ದಪ್ಪ ಸಂಪುಟವನ್ನು ಮನಸ್ಸಿಗೆ ತಂದುಕೊಳ್ಳಿ. ಅದರಲ್ಲಿ ಯಾವನೋ ಒಬ್ಬ ದಂಡನಾಯಕನ ಹೆಸರನ್ನು ಹುಡುಕಬೇಕಾಗಿದೆ. ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದುತ್ತ ಹೋಗುವುದು ಒಂದು ಮಾರ್ಗ. ಇದು ತಪ್ಪದ ಮಾರ್ಗವಾದರೂ ಬಹಳ ನಿಧಾನವಾದುದು. ಪುಸ್ತಕದ ಕೊನೆಯಲ್ಲಿರುವ ಅಕಾರಾದಿ ಪದಸೂಚಿಯನ್ನು ತೆರೆಯುವುದು ಇನ್ನೊಂದು ಮಾರ್ಗ. ಪುಸ್ತಕದಲ್ಲಿ ಪುಟವನ್ನು ತೆರೆದರೆ ಪದಗಳು ಕಾಣುತ್ತವೆ. ಸೂಚಿಯಲ್ಲಿ ಪದವನ್ನು ತೆರೆದರೆ ಪುಟಗಳು ಕಾಣುತ್ತವೆ. ಒಂದು ಮತ್ತೊಂದರ ತಲೆಕೆಳಗಾದ ರೂಪ. ಕಂಪ್ಯೂಟರು ಅನುಸರಿಸುವುದು ಈ ಎರಡನೆಯ ಮಾರ್ಗವನ್ನೇ. ಪತ್ರವು ಬಂದ ಕೂಡಲೇ ಅದಕ್ಕೊಂದು ಸಂಖ್ಯೆಯನ್ನು ಕೊಟ್ಟು, ಅದರಲ್ಲಿರುವ ಪದಗಳನ್ನೆಲ್ಲ ಬಿಡಿಸಿ, ಒಂದೊಂದು ಪದದ ಮುಂದೆಯೂ ಆ ಸಂಖ್ಯೆಯನ್ನು ಬರೆದಿಡುತ್ತದೆ. 'ವಿದ್ಯಾರ್ಥಿವೇತನ' ಎಂಬುದರ ಮುಂದೆ ೧೨, ೩೪೦, ೨೨೧೬ ಎಂದೂ 'ಹೊಸಪೇಟೆ' ಎಂಬುದರ ಮುಂದೆ ೭, ೩೪೦, ೯೮೧ ಎಂದೂ ಇದ್ದರೆ, ಎರಡು ಪದಗಳೂ ಇರುವ ಪತ್ರ ೩೪೦ನೆಯದೆಂದು ಹೇಳಲು ಪತ್ರಗಳನ್ನು ತೆರೆಯುವ ಅಗತ್ಯವೇ ಇಲ್ಲ. ಎರಡು ಪಟ್ಟಿಗಳನ್ನು ಹೋಲಿಸಿದರೆ ಸಾಕು. ಹತ್ತಾರು ಸಾವಿರ ಪತ್ರಗಳಲ್ಲಿ ಬೇಕಾದುದು ಕ್ಷಣಮಾತ್ರದಲ್ಲಿ ದೊರೆಯುವ ರಹಸ್ಯ ಇದೇ.

ಈ ಸೌಕರ್ಯಕ್ಕೆ ತೆರಬೇಕಾದ ಬೆಲೆಯೂ ಒಂದಿದೆ. ಸೂಚಿಯು ಪತ್ರಗಳಿಂದ ಬೇರೆಯಾದ ವಸ್ತು. ಬೇರೆಯೊಂದು ಕಡತದಲ್ಲಿ ಇರತಕ್ಕದ್ದು. ಯಂತ್ರವು ಬಿಡುವಾದಾಗ ಅದನ್ನು ಬರೆಯುತ್ತದೆ. ನಾವು ಬೇರೆ ಕೆಲಸದಲ್ಲಿ ಯಂತ್ರವನ್ನು ತೊಡಗಿಸಿದ್ದರೆ ಸೂಚಿಯ ಕೆಲಸ ಹಿಂದೆ ಬೀಳುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ತು ತಟಕ್ಕನೆ ನಿಂತರೆ ಕಡತವು ಕೆಡಬಹುದು. ಆಗ ಪತ್ರಗಳು ಕ್ಷೇಮವಾಗಿದ್ದರೂ ಹುಡುಕಾಟ ಮಾತ್ರ ನಿಂತುಹೋಗುತ್ತದೆ. ತನ್ನ ಗದ್ದೆಗೆ ಕಾಲುವೆಯ ನೀರು ಬಾರದಿದ್ದರೆ ಕಂಪ್ಲಿಯ ರೈತನು ತುಂಗಭದ್ರಾ ಜಲಾಶಯವೇ ಬತ್ತಿತೆಂದು ತೀರ್ಮಾನಿಸುವುದಿಲ್ಲ. ತೂಬು ಎಲ್ಲಿ ಮುಚ್ಚಿದೆಯೆಂದು ನೋಡಿಕೊಂಡು ಬರುತ್ತಾನೆ. ಇಲ್ಲಿಯೂ ಹಾಗೆಯೇ ಮಾಡತಕ್ಕದ್ದು.

ನಾಳೆಯೇ ಕಡೆಯ ದಿನವೆಂದಾದರೆ ದುರಸ್ತಿಯ ಗೊಡವೆ ಈಗ ಬೇಡ. ಪತ್ರಗಳನ್ನು ತಾರೀಖಿನ ಅಥವಾ ಕಳುಹಿಸಿದವರ ಹೆಸರಿನ ಕ್ರಮದಲ್ಲಿ ಜೋಡಿಸುವ ಏರ್ಪಾಡು ಹಲವು ಅಂಚೆ ತಂತ್ರಾಂಶಗಳಲ್ಲಿ ಇದೆ. ಎರಡು ತಿಂಗಳ ಹಿಂದಿನ ಪುಟಕ್ಕೆ ಹೋಗಿ ಕಣ್ಣಿನಿಂದಲೇ ಹುಡುಕಿದರೆ ಪತ್ರ ಸಿಕ್ಕೀತು. ಇದಕ್ಕೆ ಪದಸೂಚಿಯ ಹಂಗಿಲ್ಲ.

ಬಿಡುವಾದ ಮೇಲೆ ದೋಷವೆಲ್ಲಿದೆಯೆಂದು ಪತ್ತೆಹಚ್ಚಬಹುದು. ಇದನ್ನು ಒಂದು ಪ್ರಯೋಗದಂತೆ ನಡೆಸಬೇಕು. ಸಿಕ್ಕಸಿಕ್ಕ ಗುಂಡಿಗಳನ್ನು ಒತ್ತುತ್ತ ಹೋಗುವವರೇ ಹೆಚ್ಚು. ಅವರಿಗೆ ಹುಡುಕಾಟ ಸರಿಹೋದರೂ ಏತರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ. ಮೊದಲು, ಇರುವುದು ಖಂಡಿತವೆಂದು ಗೊತ್ತಿರುವ ಪತ್ರವನ್ನೇ ಹುಡುಕಬೇಕು. ಈ ದಿನ ಬಂದು ಕಣ್ಣೆದುರಿಗಿರುವ ಒಂದು ಪತ್ರದಿಂದ ವಿಶಿಷ್ಟವಾದ ಒಂದು ಪದವನ್ನು ಆರಿಸಿಕೊಂಡು ಹುಡುಕಿ. ಬಳಿಕ ಎರಡು ವರ್ಷ ಹಳೆಯದಾದ ಪತ್ರವೊಂದರ ಪದವನ್ನು ಹುಡುಕಿ. ಆಮೇಲೆ ಅದೇ ಪದಗಳನ್ನು, ಕಂಪ್ಯೂಟರಿನಲ್ಲಿರುವ ಅಂಚೆ ತಂತ್ರಾಂಶವನ್ನು ಬಿಟ್ಟು, ಬ್ರೌಸರಿನ ಮೂಲಕ ಅಂಚೆ ಸೇವೆಯ ತಾಣಕ್ಕೇ ಹೋಗಿ ಹುಡುಕಿ. ಅಲ್ಲಿ ಹುಡುಕಾಟ ನಡೆಯುವುದು ದೂರದ ಸರ್ವರಿನಲ್ಲಿ, ಅದರದೇ ಸೂಚಿಯ ನೆರವಿನಿಂದ.

ಈ ಮೂರು ಪರೀಕ್ಷೆಗಳ ಫಲವನ್ನು ಕೂಡಿಸಿ ನೋಡಿದರೆ ಬಹುಮಟ್ಟಿಗೆ ಕಾರಣ ಗೋಚರವಾಗುತ್ತದೆ. ತಾಣದಲ್ಲಿ ಸಿಕ್ಕು ಮನೆಯ ಯಂತ್ರದಲ್ಲಿ ಸಿಗದಿದ್ದರೆ ದೋಷ ಮನೆಯ ಯಂತ್ರದ್ದು. ಹಳೆಯ ಪತ್ರಗಳು ಸಿಕ್ಕು ಹೊಸವು ಸಿಗದಿದ್ದರೆ ಸೂಚಿಯ ಬೆಳವಣಿಗೆ ಯಾವುದೋ ಒಂದು ದಿನ ನಿಂತಿದೆ. ಸಿಗುವ ಪತ್ರಗಳ ಪೈಕಿ ಕಡೆಯದರ ತಾರೀಖನ್ನು ನೋಡಿದರೆ ಆ ದಿನವೂ ತಿಳಿಯುತ್ತದೆ. ಹೊಸವು ಸಿಕ್ಕು ಹಳೆಯವು ಸಿಗದಿದ್ದರೆ ಹಳೆಯ ಪತ್ರಗಳು ಯಂತ್ರಕ್ಕೆ ಇಳಿದೇ ಇಲ್ಲವೆಂದು ಊಹಿಸಬಹುದು. ಜಾಗವನ್ನು ಉಳಿಸಲೆಂದು ಈಚಿನ ಒಂದು ವರ್ಷದ ಪತ್ರಗಳನ್ನು ಮಾತ್ರ ಇಳಿಸಿಕೊಳ್ಳುವ ಏರ್ಪಾಡು ಔಟ್‌ಲುಕ್ ಮುಂತಾದ ತಂತ್ರಾಂಶಗಳಲ್ಲಿ ಉಂಟು. ಯಾವುದೂ ಸಿಗದಿದ್ದರೆ ಸೂಚಿಯನ್ನು ಬರೆಯುವ ಸೇವೆಯೇ ನಿಂತಿರಬೇಕು, ಇಲ್ಲವೇ ಸೂಚಿಯ ಕಡತ ಕೆಟ್ಟಿರಬೇಕು. ಇಂಗ್ಲಿಷ್ ಪದಗಳೆಲ್ಲ ಸಿಕ್ಕು ಕನ್ನಡದವು ಮಾತ್ರ ಸಿಗದಿದ್ದರೆ ಅದು ಬೇರೆಯದೇ ಕಥೆ. ಅದನ್ನು ಮುಂದೆ ನೋಡೋಣ. ಇವಾವುವೂ ಅಲ್ಲದೆ, ಹುಡುಕುವ ವ್ಯಾಪ್ತಿಯನ್ನು ನಾವೇ ಒಂದು ಪೆಟ್ಟಿಗೆಗೆ ಸೀಮಿತಗೊಳಿಸಿ ಮರೆತಿರುವ ಸಂದರ್ಭವೂ ಅಪರೂಪವಲ್ಲ. ಜಿಮೇಲ್ ತಾನಾಗಿ ಕಸದ ಪೆಟ್ಟಿಗೆಯಲ್ಲಿಯೂ ಸ್ಪಾಮ್ ಪೆಟ್ಟಿಗೆಯಲ್ಲಿಯೂ ಹುಡುಕುವುದಿಲ್ಲ. ಕೇಳಿದರೆ ಮಾತ್ರ ಹುಡುಕುತ್ತದೆ.

ಇನ್ನು ಚಿಕಿತ್ಸೆ. ಹಳೆಯ ಮಾದರಿಯ ಔಟ್‌ಲುಕ್ ತಂತ್ರಾಂಶವು ಯಂತ್ರದೊಳಗಿನ ಪತ್ರಗಳಿಗಾಗಿ ವಿಂಡೋಸಿನ ಸೂಚಿಯನ್ನೇ ನೆಚ್ಚಿಕೊಂಡಿದೆ. ಕಂಟ್ರೋಲ್ ಪ್ಯಾನೆಲಿನಲ್ಲಿ 'ಇಂಡೆಕ್ಸಿಂಗ್ ಆಪ್ಷನ್ಸ್' ಎಂಬುದನ್ನು ತೆರೆದರೆ ಎಷ್ಟು ಕಡತಗಳ ಸೂಚಿ ಸಿದ್ಧವಾಗಿದೆಯೆಂಬುದು ಕಾಣುತ್ತದೆ. ಆ ಸಂಖ್ಯೆ ಏರುತ್ತಿದ್ದರೆ ಕಾಯುವುದೇ ಔಷಧ. ಸೂಚಿಸಬೇಕಾದ ಸ್ಥಳಗಳ ಪಟ್ಟಿಯಲ್ಲಿ ಔಟ್‌ಲುಕ್ಕಿನ ಹೆಸರು ಇದೆಯೇ ಎಂದು ನೋಡಬೇಕು. ಡಿಸ್ಕಿನಲ್ಲಿ ಜಾಗ ಉಳಿದಿದೆಯೇ, 'ವಿಂಡೋಸ್ ಸರ್ಚ್' ಎಂಬ ಸೇವೆ ನಡೆಯುತ್ತಿದೆಯೇ ಎಂಬುದನ್ನೂ ಗಮನಿಸಬೇಕು. ಇವೆಲ್ಲ ಸರಿಯಾಗಿದ್ದೂ ಫಲವಿಲ್ಲದಿದ್ದರೆ 'ಅಡ್ವಾನ್ಸ್ಡ್' ವಿಭಾಗದಲ್ಲಿರುವ 'ರೀಬಿಲ್ಡ್' ಎಂಬ ಗುಂಡಿಯನ್ನು ಒತ್ತಬಹುದು. ಇದು ಹಳೆಯ ಸೂಚಿಯನ್ನು ಕಿತ್ತೊಗೆದು ಮೊದಲಿನಿಂದ ಬರೆಯಿಸುತ್ತದೆ. ಪತ್ರಗಳು ಬಹಳವಿದ್ದರೆ ಹಲವು ಗಂಟೆಗಳೇ ಹಿಡಿದಾವು. ಲ್ಯಾಪ್‌ಟಾಪ್ ಆದರೆ ವಿದ್ಯುತ್ತಿಗೆ ಜೋಡಿಸಿ ರಾತ್ರಿಯೆಲ್ಲ ಬಿಡುವುದು ಲೇಸು. ಅಷ್ಟರೊಳಗೆ ಹುಡುಕಿ, ಸಿಗಲಿಲ್ಲವೆಂದು ಮತ್ತೆ ಅದೇ ಗುಂಡಿಯನ್ನು ಒತ್ತುವವರುಂಟು. ಅವರ ಸೂಚಿ ಎಂದೆಂದಿಗೂ ಮುಗಿಯದು. ಥಂಡರ್‌ಬರ್ಡ್ ತಂತ್ರಾಂಶವು ತನ್ನ ಸೂಚಿಯನ್ನು ತಾನೇ ಇಟ್ಟುಕೊಳ್ಳುತ್ತದೆ. ತಂತ್ರಾಂಶವನ್ನು ಮುಚ್ಚಿ, 'ಗ್ಲೋಬಲ್ ಮೆಸೇಜಸ್ ಡಿಬಿ' ಎಂಬ ಹೆಸರಿನ ಆ ಒಂದು ಕಡತವನ್ನು ತೆಗೆದರೆ, ಮತ್ತೆ ತೆರೆದಾಗ ಹೊಸದನ್ನು ಬರೆದುಕೊಳ್ಳುತ್ತದೆ.

ಇಲ್ಲಿ ಎಚ್ಚರಿಕೆಯ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸೂಚಿಯನ್ನು ಅಳಿಸಿದರೆ ನಷ್ಟವಿಲ್ಲ. ಪತ್ರಗಳಿಂದ ಅದನ್ನು ಮರಳಿ ಪಡೆಯಬಹುದು. ಪತ್ರಗಳನ್ನು ಅಳಿಸಿದರೆ ಸೂಚಿಯಿಂದ ಅವುಗಳನ್ನು ಮರಳಿ ಪಡೆಯಲಾಗದು. ಔಟ್‌ಲುಕ್ಕಿನಲ್ಲಿ ಹೆಸರಿನ ಕೊನೆಗೆ 'ಪಿಎಸ್‌ಟಿ' ಎಂದಿರುವ ಕಡತವು ಪತ್ರಗಳ ಪೆಟ್ಟಿಗೆಯೇ ಹೊರತು ಸೂಚಿಯಲ್ಲ. 'ಪಾಪ್' ಎಂಬ ಹಳೆಯ ಪದ್ಧತಿಯಿಂದ ಅಂಚೆಯನ್ನು ಇಳಿಸಿಕೊಳ್ಳುವವರ ಪತ್ರಗಳು ಸರ್ವರಿನಲ್ಲಿ ಉಳಿಯದೆ ಆ ಕಡತವೊಂದರಲ್ಲಿಯೇ ಇರಬಹುದು. ಯಾರದೋ ಸಲಹೆಯನ್ನು ಅರ್ಧ ಕೇಳಿ ಅದನ್ನು ಅಳಿಸಿದರೆ ಹತ್ತು ವರ್ಷದ ಪತ್ರಗಳು ಒಂದೇ ಏಟಿಗೆ ಹೋಗುತ್ತವೆ. ಯಾವುದನ್ನು ಮುಟ್ಟುವುದಕ್ಕೂ ಮೊದಲು ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳತಕ್ಕದ್ದು.

ಸೂಚಿಯು ಸುಸ್ಥಿತಿಯಲ್ಲಿದ್ದೂ ಪತ್ರ ಸಿಗದಿರುವ ಸಂದರ್ಭ ಇನ್ನೂ ಸ್ವಾರಸ್ಯವಾದುದು. ಸೂಚಿಯಲ್ಲಿ ಪದವಿರುವುದು ಅರ್ಥದಿಂದಲ್ಲ, ಅಕ್ಷರದಿಂದ. ನಮ್ಮ ಊರುಗಳ ಹೆಸರುಗಳನ್ನೇ ನೋಡಿ. ಇಂಗ್ಲಿಷಿನಲ್ಲಿ ಬಹುಕಾಲ 'ಹಾಸ್ಪೆಟ್' ಆಗಿದ್ದುದು ೨೦೧೪ನೆಯ ಇಸವಿಯ ನವೆಂಬರ್ ೧ರಿಂದ ಸರಕಾರಿ ಬರಹದಲ್ಲಿ 'ಹೊಸಪೇಟೆ' ಆಯಿತು; 'ಬೆಲ್ಲಾರಿ'ಯೂ ಅಂದೇ 'ಬಳ್ಳಾರಿ'ಯಾಯಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ ಹೊಸಪೇಟೆ ಅದರ ಕೇಂದ್ರವಾದ ಮೇಲೆ, ವಿಳಾಸದಲ್ಲಿ ಜಿಲ್ಲೆಯ ಹೆಸರೂ ಬದಲಾಯಿತು. ಸಂಡೂರೂ ಕಂಪ್ಲಿಯೂ ಬಳ್ಳಾರಿಯಲ್ಲಿಯೇ ಉಳಿದಿವೆ. ಹಳೆಯ ಪತ್ರವನ್ನು ಹೊಸ ಹೆಸರಿನಿಂದ ಹುಡುಕಿದರೆ ಸೂಚಿಯು ಇಲ್ಲವೆನ್ನುವುದು ಸತ್ಯವೇ ಆಗಿದೆ. ಇಂಗ್ಲಿಷಿನ ಎರಡು ರೂಪಗಳಿಗೂ ಮೊದಲ ಮೂರು ಅಕ್ಷರಗಳು ಸಮಾನವೆಂದು ಅಷ್ಟನ್ನೇ ಬರೆದರೆ, ಆಸ್ಪತ್ರೆಯ ಪತ್ರಗಳೆಲ್ಲ ಕೂಡಿ ಬರುತ್ತವೆ! ರೈಲಿನ ಟಿಕೆಟ್ಟನ್ನು ಹುಡುಕುವವರು ನಿಲ್ದಾಣದ ಸಂಕೇತವಾದ 'ಎಚ್‌ಪಿಟಿ' ಎಂಬ ಮೂರು ಅಕ್ಷರಗಳನ್ನು ಉಪಯೋಗಿಸುವುದು ಜಾಣತನ. ಊರಿನ ಹೆಸರಿನ ಕಾಗುಣಿತ ಬದಲಾದರೂ ಆ ಸಂಕೇತ ಬದಲಾಗಲಿಲ್ಲ.

ಕನ್ನಡದಲ್ಲಿ ಬರೆದರೆ ಈ ತೊಡಕಿಲ್ಲವೆಂದು ಭಾವಿಸುವಂತಿಲ್ಲ. ಕಂಪ್ಯೂಟರಿಗೆ ಅಕ್ಷರವೆಂದರೆ ಒಂದು ಸಂಖ್ಯೆ. ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗಿನ ಸ್ಥಾನಗಳು ಮೀಸಲಾಗಿವೆ. 'ಹೊಸಪೇಟೆ' ಎಂಬುದನ್ನು ಸಾಮಾನ್ಯವಾಗಿ ೩೨೫೭, ೩೨೭೪, ೩೨೫೬, ೩೨೪೨, ೩೨೭೧, ೩೨೩೧, ೩೨೭೦ ಎಂಬ ಏಳು ಸಂಖ್ಯೆಗಳಾಗಿ ಬರೆಯುತ್ತಾರೆ. ಆದರೆ 'ಹೊ' ಎಂಬುದರ ಒತ್ವವನ್ನು ಎತ್ವ ಮತ್ತು ಊಕಾರದ ಕೊಂಬು ಎಂದು ಎರಡಾಗಿಯೂ, 'ಪೇ' ಎಂಬುದರ ಏತ್ವವನ್ನು ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬಿಡಿಸಿ ಬರೆಯಲು ಅವಕಾಶವಿದೆ. ಆಗ ೩೨೭೪ರ ಬದಲು ೩೨೭೦, ೩೨೬೬ ಎಂದೂ ೩೨೭೧ರ ಬದಲು ೩೨೭೦, ೩೨೮೫ ಎಂದೂ ಆಗಿ, ಏಳು ಸಂಖ್ಯೆಗಳ ಹೆಸರು ಒಂಬತ್ತಾಗುತ್ತದೆ. ಎರಡು ಸ್ಥಳಗಳಲ್ಲಿ ಎರಡೆರಡು ಬಗೆಯಂತೆ ಈ ಒಂದು ಊರಿನ ಹೆಸರಿಗೆ ನಾಲ್ಕು ರೂಪಗಳು. ಕಣ್ಣಿಗೆ ನಾಲ್ಕೂ ಒಂದೇ. ಇವನ್ನು ಸಮಾನವೆಂದು ಎಣಿಸಬೇಕೆಂಬುದು ಯೂನಿಕೋಡಿನ ನಿಯಮ. ಒಳ್ಳೆಯ ತಂತ್ರಾಂಶಗಳು ಸೂಚಿಯಲ್ಲಿ ಬರೆಯುವ ಮೊದಲೇ ಎಲ್ಲವನ್ನೂ ಒಂದು ರೂಪಕ್ಕೆ ತರುತ್ತವೆ. ಹಾಗೆ ಮಾಡದ ತಂತ್ರಾಂಶಕ್ಕೆ ಇವು ನಾಲ್ಕು ಬೇರೆ ಬೇರೆ ಊರುಗಳು. ಕೀಲಿಮಣೆಗಳು ಬಹುಮಟ್ಟಿಗೆ ಮೊದಲನೆಯ ರೂಪವನ್ನೇ ಕೊಡುತ್ತವೆಯಾದರೂ, ಹಳೆಯ ಕಡತಗಳನ್ನು ಪರಿವರ್ತಿಸುವಾಗ ಉಳಿದವು ನುಸುಳುವುದುಂಟು. ಇದೇ ರೀತಿ 'ರಾಜ್‌ಕುಮಾರ್' ಎಂಬಲ್ಲಿ ಜಕಾರಕ್ಕೆ ಒತ್ತು ತಗುಲದಂತೆ ತಡೆಯಲು ನಡುವೆ ಒಂದು ಅದೃಶ್ಯ ಚಿಹ್ನೆ ಇರುತ್ತದೆ. ಅದನ್ನು ಬಿಟ್ಟು ಹುಡುಕಿದರೆ ಹೆಸರು ಸಿಗದೆ ಹೋಗಬಹುದು.

ಇದಕ್ಕಿಂತ ದೊಡ್ಡ ತೊಡಕು ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಿಂದ ಬಂದದ್ದು. ಯೂನಿಕೋಡ್ ಬಳಕೆ ಹರಡುವುದಕ್ಕೆ ಮುಂಚೆ ಕನ್ನಡದ ಬರಹವನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿಯೇ ಕೂರಿಸುತ್ತಿದ್ದರು. ಆ ಪದ್ಧತಿಯಲ್ಲಿ 'ಕ' ಅಕ್ಷರದ ಒಡಲು ಇರುವುದು ಇಂಗ್ಲಿಷಿನ 'ಪಿ' ಅಕ್ಷರದ ಸ್ಥಾನದಲ್ಲಿ. ತೆರೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಂಡರೂ ಸೂಚಿಗೆ ಹೋಗುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪತ್ರಕ್ಕೆ ಲಗತ್ತಿಸಿದ ಸುತ್ತೋಲೆ ಹೀಗೆ ತಯಾರಾಗಿದ್ದರೆ ಯಾವ ದುರಸ್ತಿಯಿಂದಲೂ ಅದು ಕನ್ನಡದ ಹುಡುಕಾಟಕ್ಕೆ ಸಿಗುವುದಿಲ್ಲ. ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಳ್ಳಬೇಕು. ಮೊಹರು ಒತ್ತಿದ ಕಾಗದದ ಚಿತ್ರವನ್ನು ತೆಗೆದು ಕಳುಹಿಸಿದ್ದರಂತೂ ಅದರಲ್ಲಿ ಅಕ್ಷರಗಳೇ ಇಲ್ಲ, ಬರಿಯ ಚುಕ್ಕೆಗಳಿವೆ. ಇಂಥ ಪತ್ರವು ಕೈಸೇರಿದ ದಿನವೇ ಅದನ್ನು 'ವಿದ್ಯಾರ್ಥಿವೇತನ, ಹೊಸಪೇಟೆ' ಎಂದು ಎರಡು ಪದ ಬರೆದು ನಮ್ಮ ವಿಳಾಸಕ್ಕೇ ಮತ್ತೆ ಕಳುಹಿಸಿಕೊಂಡರೆ, ಸೂಚಿಗೆ ಹಿಡಿಯಲು ಏನಾದರೂ ಸಿಗುತ್ತದೆ.

ಕಡೆಯದಾಗಿ ವಿಭಕ್ತಿಯ ವಿಚಾರ. ಇಂಗ್ಲಿಷಿನಲ್ಲಿ ಊರಿನ ಹೆಸರು ವಾಕ್ಯದಲ್ಲಿ ರೂಪಗೆಡದೆ ನಿಲ್ಲುತ್ತದೆ. ಕನ್ನಡದಲ್ಲಿ ಪ್ರತ್ಯಯ ಹತ್ತುತ್ತದೆ. ಹಲವು ತಂತ್ರಾಂಶಗಳು ಪದದ ಆರಂಭವನ್ನು ಹೋಲಿಸಿ ನೋಡುವುದರಿಂದ 'ಕಂಪ್ಲಿ' ಎಂದು ಹುಡುಕಿದರೆ 'ಕಂಪ್ಲಿಯಲ್ಲಿ', 'ಕಂಪ್ಲಿಯಿಂದ' ಎಂಬುವೂ ಸಿಗುತ್ತವೆ. ಸಂಡೂರಿನ ವಿಷಯ ಹಾಗಲ್ಲ. 'ಸಂಡೂರು' ಎಂಬುದರ ಕಡೆಯ ಉಕಾರವು 'ಸಂಡೂರಿನಲ್ಲಿ', 'ಸಂಡೂರಿಗೆ' ಎಂಬಲ್ಲಿ ಲೋಪವಾಗುತ್ತದೆ. ಆದುದರಿಂದ ಕೊಂಬನ್ನು ಬಿಟ್ಟು 'ಸಂಡೂರ' ಎಂದಷ್ಟೇ ಬರೆದು ಹುಡುಕಬೇಕು. 'ಸೊಂಡೂರು' ಎಂದು ಬರೆಯುವವರೂ ಇರುವುದರಿಂದ 'ಸೊಂಡೂರ' ಎಂದು ಇನ್ನೊಮ್ಮೆ. ಹಂಪಿಯನ್ನು ಹಂಪೆಯೆಂದೂ ಬರೆಯುತ್ತಾರೆ. 'ಹಂಪ' ಎಂದು ಹುಡುಕಿದರೆ ಎರಡೂ ಸಿಗುತ್ತವೆ. ಜೊತೆಗೆ ಆ ಸೀಮೆಯ ಹಂಪಮ್ಮ, ಹಂಪಯ್ಯನವರ ಪತ್ರಗಳೂ ಬರುತ್ತವೆ. ಅವುಗಳನ್ನು ತಾರೀಖಿನಿಂದ ಬೇರ್ಪಡಿಸಿಕೊಳ್ಳಬಹುದು.